ಕೂಗಳತೆಯ ಕಾವಲು

ಕಿಲ್ಕೆನ್ನಿ
12 ಜನವರಿ 2025

ಪ್ರೀತಿಯ ಚನ್ನಬಸಪ್ಪ ಮಾವನಿಗೆ, ಅಕ್ಕನ ಮಗಳು ವಾಸಂತಿಯ ನಮಸ್ಕಾರ.

'ಇತ್ತ ನಾವೆಲ್ಲ ಕ್ಷೇಮ' ಎಂದು ಶುರು ಮಾಡಿದರೆ ನೀವು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 'ಹೊಸದೇನಾದರೂ ಹೇಳು' ಎಂದು ಬರೆಯುತ್ತೀರಿ. ಕಡೂರಿನ ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಚರಿತ್ರೆ ಕಲಿಸಿದ ಕೈಯ ಚಟ ಅದು. ಆದ್ದರಿಂದ ಹೊಸದನ್ನೇ ಹೇಳುತ್ತೇನೆ: ಇವತ್ತು ಇಲ್ಲಿ ಬಿಸಿಲಿತ್ತು. ಹನ್ನೊಂದು ನಿಮಿಷ.

ಕಾಗದ ಬರೆಯುವಂತೆ ಮಾಡಿದವರು ನೀವೇ. ದೀಪಾವಳಿ ಕಳೆದು ಹತ್ತು ಭಾನುವಾರವಾಯಿತು. ಫೋನ್ ಮಾಡಿದಾಗಲೆಲ್ಲ ಲಕ್ಷ್ಮತ್ತೆ, "ಮಾವ ಸ್ನಾನಕ್ಕೆ ಹೋಗ್ಯವ್ರೆ ಕಣವ್ವ" ಅನ್ನುತ್ತಾರೆ. ಹತ್ತು ವಾರ ಸ್ನಾನ ಮಾಡಿದರೆ ಎಮ್ಮೆಯೂ ಬೆಳ್ಳಗಾಗುತ್ತದೆ, ಮಾವ. ಕಳೆದ ವಾರವಂತೂ "ಏನಿದ್ರೂ ಕಾಗದ ಬರೀಬೇಕಂತೆ" ಅಂದುಬಿಟ್ಟರು. ದೀಪಾವಳಿಯಲ್ಲಿ ನಿಮ್ಮ ಗಂಟಲು ಹಳೇ ಬಸ್ಸಿನ ಗೇರಿನ ಹಾಗೆ ಕರಕರ ಅನ್ನುತ್ತಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಅಂದಿದ್ದೆ. ಸರಿಹೋಯಿತೇ?

ವಿಷಯಕ್ಕೆ ಬರುತ್ತೇನೆ. ತನ್ವಿಯ ಶಾಲೆಯಲ್ಲಿ ಮೇ ತಿಂಗಳಲ್ಲಿ ಒಂದು ದಿನ ಮಕ್ಕಳೆಲ್ಲ ತಮ್ಮ ಹಿರಿಯರು ನೆಲೆಸಿದ ನೆಲದ ಕಥೆ ಹೇಳಬೇಕು. ಅವಳ ಗೆಳತಿ ಓರ್ಲಾಳ ಮುತ್ತಜ್ಜನ ಅಣ್ಣ ಇಲ್ಲಿಂದ ಅಮೆರಿಕದ ಮೊಂಟಾನಾಕ್ಕೆ ಹೋಗಿ, ಯಾರೂ ಇಲ್ಲದ ಹುಲ್ಲುಗಾವಲಿನಲ್ಲಿ ದನ ಸಾಕಿಕೊಂಡು ರ‍್ಯಾಂಚ್ ಮಾಡಿದನಂತೆ. ಯಾರೂ ಇಲ್ಲದ್ದೋ, ಇದ್ದವರನ್ನು ಇವರು ಎಣಿಸಲಿಲ್ಲವೋ, ಅದು ನಿಮ್ಮ ವಿಷಯ. ಓರ್ಲಾ ಕೇಳಿದ್ದಾಳೆ: "ನಿಮ್ಮೋರು ಆಗ ಏನ್ ಮಾಡ್ತಿದ್ರು? ಕಂಪ್ಯೂಟರಾ?" ನಮ್ಮವಳು ಸೆಟೆದು ನಿಂತು, "ನಮ್ದೂ ರ‍್ಯಾಂಚ್ ಇತ್ತು" ಅಂದಳಂತೆ. ಮನೆಗೆ ಬಂದು ಬ್ಯಾಗು ಕೆಳಗಿಡುವ ಮೊದಲೇ ತನ್ನ ಇಂಗ್ಲಿಷಿನಲ್ಲಿ ಕೇಳಿದಳು: "ಇತ್ತಾ, ಮ್ಯಾಮ್?" ಅಮ್ಮ ಇಲ್ಲಿ ಮ್ಯಾಮ್ ಆಗಿದ್ದಾಳೆ.

ಇತ್ತು ಅಂದೆ. ಏಳು ವರ್ಷದವಳಿದ್ದಾಗ ನೋಡಿದ್ದು ನೆನಪಾಯಿತು. ನೀವು ಕಾವಲಿನ ಬಂಡೆಯ ಮೇಲೆ ನಿಂತು ಕೂಗಿದಿರಿ. ಮಂಜಿನೊಳಗಿಂದ ಮೊದಲು ಕೊಂಬುಗಳು ಬಂದವು, ಆಮೇಲೆ ನಿಧಾನವಾಗಿ ಅವುಗಳ ಹಸುಗಳು ಬಂದವು. ಅದನ್ನು ಹೇಳಿದ್ದೇ ತಪ್ಪಾಯಿತು. ಈಗ ಅವಳಿಗೆ ಕಥೆ ಸಾಲದು, ಆ ಕೂಗೇ ಬೇಕು. ವೇದಿಕೆಯ ಮೇಲೆ ಕೂಗುತ್ತಾಳಂತೆ. ಅತ್ತೆಯ ಫೋನಿನಲ್ಲಿ ಒಮ್ಮೆ ಕೂಗಿ ಕಳಿಸಿ, ಅಷ್ಟೇ.

ಮಯೂರ್ ವಾರಕ್ಕೆರಡು ದಿನ ಡಬ್ಲಿನ್ನಿನ ಸ್ಯಾಂಡಿಫರ್ಡ್ ಆಫೀಸಿಗೆ ಹೋಗುತ್ತಾನೆ. ಹೆಸರಲ್ಲೇ ಮರಳಿರುವ ಊರು, ಆದ್ದರಿಂದ ಸಂಜೆ ತಪ್ಪದೆ ಮರಳುತ್ತಾನೆ. ನಾನು ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಮುಂಚೆ ಜನರನ್ನು ಮಲಗಿಸುತ್ತಿದ್ದೇನೆ. ಇಲ್ಲಿಯವರಿಗೆ ಕಾಲು ಮುರಿದಿರಲಿ, ಹೊಟ್ಟೆ ಹರಿದಿರಲಿ, ಹೇಗಿದ್ದೀರಿ ಅಂದರೆ "ಗ್ರ್ಯಾಂಡ್" ಅನ್ನುತ್ತಾರೆ. ಆ ಮಾತು ಕೇಳಿದೊಡನೆ ನಾನು ನಾಡಿ ಹಿಡಿಯುತ್ತೇನೆ.

ನಿಮ್ಮ
ವಾಸಂತಿ


ಕಡೂರು
2 ಫೆಬ್ರವರಿ 2025

ಚಿರಂಜೀವಿ ವಾಸಂತಿಗೆ,

ಜನರನ್ನು ಮಲಗಿಸುವುದು ನಿನ್ನ ಕೆಲಸವೆಂದು ಹೆಮ್ಮೆ ಪಡಬೇಡ. ಅದು ಸೋದರಮಾವನಿಂದ ಬಂದ ವಿದ್ಯೆ. ನಿನಗೆ ಸೂಜಿ ಬೇಕು, ನನಗೆ ಎರಡನೇ ಪಾಣಿಪತ್ ಕದನ ಸಾಕಾಗುತ್ತಿತ್ತು. ಗಂಟಲು ಗ್ರ್ಯಾಂಡ್ ಆಗಿದೆ.

ತನ್ವಿಗೆ ಹೇಳು: ಇತ್ತು. ನಿನ್ನ ಮಯೂರನಿಗೆ ಕಾವಲು ಎಂದರೆ ದೋಸೆ ಕಾವಲಿ ನೆನಪಾದೀತು. ಕಾವಲು ಎಂದರೆ ದನಗಳಿಗೆಂದೇ ಬಿಟ್ಟ ಹುಲ್ಲಿನ ಸೀಮೆ. ನಮ್ಮ ಮರುಳಸಿದ್ದಜ್ಜ ಅಲ್ಲಿಗೆ ಬಂದಾಗ ಅದು ನಾಡಿನ ಅಂಚು. ಆಚೆಗೆ ಹುಲಿ, ಈಚೆಗೆ ಕಂದಾಯದವರು. ಹುಲಿಯೇ ವಾಸಿ ಎಂದು ಅಜ್ಜ ಆಚೆಗೆ ಮುಖ ಮಾಡಿ ಗುಡಿಸಲು ಹಾಕಿದರು. ಜೊತೆಗೆ ಹೆಂಡತಿ ಹಾಲಮ್ಮ, ನಲವತ್ತು ಹಸು, ಒಂದು ಹೋರಿ. ಹೊರಟ ಊರಿಗೆ ಮತ್ತೆ ಹೋಗಲಿಲ್ಲ. ಮರಳದ ಮರುಳಸಿದ್ದಜ್ಜ.

ಅರಮನೆಯ ದನಗಳ ಉಸ್ತುವಾರಿಗೆ ಒಬ್ಬ ಸೇರ್ವೆಗಾರನಿದ್ದ. ಅವನು ಕುದುರೆಯ ಮೇಲೆ ಬಂದು ನೋಡಿದ. ಅಳೆಯಲು ಸರಪಳಿ ಇಲ್ಲ, ಬರೆಯಲು ಕಾಗದವಿಲ್ಲ. "ನಿನ್ನ ಕೂಗು ಎಲ್ಲೀಗಂಟ ಕೇಳ್ತದೋ ಅಲ್ಲೀಗಂಟ ನಿನ್ನ ದನ ಮೇಯಲಿ" ಅಂದ. ಅಜ್ಜ ಬಂಡೆ ಹತ್ತಿ, ಕೈ ಎತ್ತಿ ಕೂಗಿದರು. ಹಾಲಮ್ಮ ಮೂಡಲಿಗೆ ನಡೆಯುತ್ತ ಹೋದಳು. ಪ್ರತಿ ಕೂಗಿಗೂ ಕೇಳಿಸಿತು ಎಂದು ಸೆರಗು ಬೀಸಬೇಕು, ಕೇಳಿಸದ ಕಡೆ ಕಲ್ಲು ನೆಡಬೇಕು. ಎರಡು ಗುಡ್ಡ ದಾಟಿದಳು, ಹಳ್ಳ ದಾಟಿದಳು, ಸೆರಗು ಬೀಸುತ್ತಲೇ ಇದ್ದಳು. ಮೂರು ಮೈಲಿ! ಅಂಥ ಗಂಟಲು ನಮ್ಮ ಮನೆತನದ್ದು. ಆ ಕಲ್ಲು ಇವತ್ತಿಗೂ ಇದೆ, ಹಾಲಮ್ಮನ ಕಲ್ಲು. ಕೂಗಳತೆ ಅಂದರೆ ಇದು, ತಾಯಿ. ಉಳಿದವರಿಗೆ ಅದು ಮಾತು, ನಮಗೆ ಅದು ಹದ್ದುಬಸ್ತು.

ಕೂಗಿ ಕಳಿಸಿ ಅಂದಿದ್ದೀಯೆ. ಕೂಗು ಉಪ್ಪಿನಕಾಯಿಯಲ್ಲ, ಭರಣಿಗೆ ತುಂಬಿ ಕಳಿಸಲು. ಫೋನಿಗೆ ಕೂಗಿದರೆ ಬರುವುದು ಫೋನೇ ಹೊರತು ದನವಲ್ಲ. ನೋಡೋಣ.

ನಿನ್ನ ಮಾವ
ಚನ್ನಬಸಪ್ಪ


ಕಿಲ್ಕೆನ್ನಿ
23 ಫೆಬ್ರವರಿ 2025

ಪ್ರೀತಿಯ ಮಾವ,

ತನ್ವಿ ನಕ್ಷೆ ಬರೆದಿದ್ದಾಳೆ. ಬಂಡೆ, ಎರಡು ಗುಡ್ಡ, ಹಳ್ಳ, ಕಲ್ಲು. ಹುಲಿಗೆ ಓರ್ಲಾಳ ಬೆಕ್ಕಿನ ಮುಖ ಬಂದಿದೆ. ಹಾಲಮ್ಮನಿಗೆ ಮಳೆಕೋಟು ಹಾಕಿದ್ದಾಳೆ. ಈ ದೇಶದಲ್ಲಿ ಮಳೆಕೋಟಿಲ್ಲದೆ ಮೂರು ಮೈಲಿ ನಡೆಯುವ ಹೆಂಗಸನ್ನು ಅವಳು ಕಲ್ಪಿಸಿಕೊಳ್ಳಲಾರಳು.

ನಾವೀಗ ಊರ ಹೊರಗೆ ಮನೆ ಮಾಡಿದ್ದೇವೆ. ಹಿತ್ತಲ ಬೇಲಿಯಾಚೆ ಡೆಕ್ಲನ್ ಎಂಬ ರೈತನ ಹುಲ್ಲುಗಾವಲು. ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದಾಗ ನೋರ್ ನದಿಯ ಮಂಜು ಅದರ ಮೇಲೆ ಹಾಲಿನ ಕೆನೆಯಂತೆ ಕೂತಿರುತ್ತದೆ. ಹಸುಗಳ ಕಾಲು ಕಾಣುವುದಿಲ್ಲ, ಬೆನ್ನು ಮಾತ್ರ ತೇಲುತ್ತಿರುತ್ತದೆ. ಮೊನ್ನೆ ಕಿಟಕಿಯ ಬಳಿ ಕೂತಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಈ ಮಂಜಿನೊಳಗಿಂದ ನಮ್ಮ ಕೊಂಬುಗಳು ಬಂದವು. ಇಲ್ಲಿನ ಹಸುಗಳಿಗೆ ಕೊಂಬಿಲ್ಲ, ಆದ್ದರಿಂದ ನಮ್ಮವೇ ಎಂದು ಗೊತ್ತಾಯಿತು. ಆದರೆ ಕರೆದವರು ಯಾರು? ಬಾಯಿ ತೆರೆದದ್ದು ಕಾಣುತ್ತಿತ್ತು, ದನಿ ಇರಲಿಲ್ಲ. ಎಚ್ಚರವಾದ ಮೇಲೂ ಕಿವಿಗೊಟ್ಟು ಕೂತಿದ್ದೆ.

ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿರುವ ಮಯೂರನ ಗೆಳೆಯ ಉಲ್ಲಾಸ್ ಊರಿಗೆ ಬಂದವನು ನಿಮ್ಮ ಮನೆಗೂ ಬಂದಿದ್ದನಲ್ಲ. "ಮಾವ ಮಫ್ಲರ್ ಸುತ್ಕೊಂಡು ಕೂತಿದ್ರು ಕಣೇ. ಕೈ ಮುಗಿದ್ರು, ನಕ್ರು. ಒಂದೇ ಒಂದು ಮಾತಾಡ್ಲಿಲ್ಲ" ಅಂದ. ನೀವು! ಕಂಡಕ್ಟರನಿಗೂ ಅಶೋಕನ ಶಾಸನ ಹೇಳಿ ಟಿಕೆಟ್ ಕೊಳ್ಳುವವರು!

ಮಾವ, ಉಲ್ಲಾಸ್ ನಿಮಗೆ ಏನಾದರೂ ಹೇಳಿದನೇ? ನನ್ನ ವಿಷಯ? ಕೋಪವಿದ್ದರೆ ನೇರ ಬೈದುಬಿಡಿ. ಕೂಗನ್ನು ಮಾತ್ರ ಕಳಿಸಿ. ಅದು ಮಗುವಿಗೆ.

ವಾಸಂತಿ


ಕಡೂರು
14 ಮಾರ್ಚ್ 2025

ಚಿ. ವಾಸಂತಿಗೆ,

ಉಲ್ಲಾಸ್ ಮಾತಾಡಲು ಕೂತರೆ ಬೇರೆಯವರಿಗೆ ಜಾಗವೆಲ್ಲಿ? ನಾನು ಶ್ರೋತೃವಾಗಿದ್ದೆ. ನಿನ್ನ ವಿಷಯ ಏನೂ ಹೇಳಲಿಲ್ಲ. ಏನಿದೆ ಹೇಳಲು? ನೀನೇ ಏನನ್ನೋ ಸೆರಗಿನಲ್ಲಿ ಕಟ್ಟಿಕೊಂಡಂತಿದೆ.

ಕೂಗನ್ನು ಬರೆದು ಕಳಿಸುತ್ತಿದ್ದೇನೆ. ನಗಬೇಡ. ಮೂರು ವಾರ, ಎಂಟು ಹಾಳೆ ಹರಿದು ಹಾಕಿದ್ದೇನೆ.

ಅದಕ್ಕೆ ಅಕ್ಷರವಿಲ್ಲ, ಅರ್ಥವೂ ಇಲ್ಲ. 'ಬಾ' ಅಲ್ಲ. ಬಾ ಎಂದರೆ ಹಸು ಬರುವುದಿಲ್ಲ, ಮನುಷ್ಯರು ಬರುತ್ತಾರೆ. ಮೊದಲು ಕಾಲು ಅಗಲಿಸಿ ನಿಲ್ಲಬೇಕು. ಬಲಗೈ ಎತ್ತಬೇಕು. ಆಕಳಿಕೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹಿಡಿಯಬೇಕು, ಬಾಯಿಂದಲ್ಲ, ಎದೆಯ ತಳದಿಂದ. ತೊಟ್ಟಿಲು ತೂಗಿದಂತೆ ಎರಡು ಸಲ ತೂಗಿ ಮೇಲಕ್ಕೆ ಬಿಡಬೇಕು. ಮೇಲೆ ಹೋದದ್ದು ತಾನಾಗಿ ಒಡೆಯುತ್ತದೆ, ಒಡೆಯಲಿ, ಸರಿಮಾಡಬಾರದು. ಆ ಒಡಕೇ ನಮ್ಮದು. ಬೇರೆ ಹಟ್ಟಿಯವರ ಕೂಗು ಒಡೆಯುವುದಿಲ್ಲ. ಕೊನೆಗೆ ಯಾವುದೋ ಒಂದು ಹಸು ಇನ್ನೂ ಬಂದಿಲ್ಲ ಎಂದು ನೆನೆದು ನಿಲ್ಲಿಸಬೇಕು. ಎಲ್ಲ ಬಂದಿವೆ ಎಂದುಕೊಂಡವನ ಕೂಗಿಗೆ ಯಾವುದೂ ಬರುವುದಿಲ್ಲ. ಇದು ನನ್ನ ಅಜ್ಜ ಹೇಳಿದ್ದು.

ಇಷ್ಟೇ. ತನ್ವಿ ಪ್ರಯತ್ನಿಸಲಿ.

ನಿನ್ನ ಮಾವ


ಕಿಲ್ಕೆನ್ನಿ
6 ಏಪ್ರಿಲ್ 2025

ಮಾವ,

ತನ್ವಿ ನಿಮ್ಮ ಕಾಗದ ಹಿಡಿದು ಕೋಣೆಯಲ್ಲಿ ಆಕಳಿಸಿ ಆಕಳಿಸಿ ನಿದ್ದೆ ಹೋದಳು. ಒಂದು ನಿಮಿಷದ ಕೂಗನ್ನು ಕಳಿಸದೆ ಎಂಟು ಹಾಳೆ ಹರಿಯುವವರನ್ನು ನಾನು ಎಲ್ಲೂ ಕಂಡಿಲ್ಲ. ಹಾಗಾದರೆ ಕೋಪವೇ ಸರಿ.

ನಾನೇ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಕಿಲ್ಲಾರ್ನಿಗೆ ಹೋಗಿ, ನೂರಾರು ಜನರ ನಡುವೆ ನಿಂತು, ಪ್ರಮಾಣವಚನ ಹೇಳಿ ಈ ದೇಶದವಳಾದೆ. ನಮ್ಮ ನೀಲಿ ಪಾಸ್‌ಪೋರ್ಟ್ ಒಪ್ಪಿಸಿಬಿಟ್ಟೆ. ಮೂಲೆ ಕತ್ತರಿಸಿ ವಾಪಸು ಕೊಟ್ಟರು. ಪಕ್ಕದಲ್ಲಿದ್ದ ಮುದುಕಿ "ಕಂಗ್ರ್ಯಾಟ್ಸ್, ಲವ್" ಅಂದಳು. ನಾನು "ಗ್ರ್ಯಾಂಡ್" ಅಂದೆ. ಯಾರೂ ನನ್ನ ನಾಡಿ ಹಿಡಿಯಲಿಲ್ಲ.

ಅಮ್ಮ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ. ನಿಮಗೆ ಹೇಳಲು ಧೈರ್ಯವಾಗಲಿಲ್ಲ. ನಾನು ಅರ್ಜಿ ಹಾಕಿದ್ದು ನಿಮಗೆ ದೀಪಾವಳಿಯ ಹೊತ್ತಿಗೇ ಯಾರಿಂದಲೋ ಗೊತ್ತಾಗಿದೆ, ಅದಕ್ಕೇ ನನ್ನೊಡನೆ ಮಾತು ಬಿಟ್ಟಿದ್ದೀರಿ. ಬಿಡಿ. ಆದರೆ ಆ ಮಗು ಏನು ಮಾಡಿತು? ಕೂಗು ನಿಮ್ಮೊಬ್ಬರಲ್ಲೇ ಇದೆ. ಅದನ್ನು ಬಚ್ಚಿಡಬೇಡಿ.

ವಾಸಂತಿ


ಕಡೂರು
27 ಏಪ್ರಿಲ್ 2025

ನನ್ನ ತಾಯಿ ವಾಸಂತಿ,

ನಿನ್ನ ಕಾಗದವನ್ನು ಲಕ್ಷ್ಮಿ ಎರಡು ಸಲ ಓದಿ ನನ್ನ ಮುಂದೆ ಇಟ್ಟು, "ಇನ್ನೂ ಎಷ್ಟು ದಿನ ನನ್ ಕೈಲಿ ಸ್ನಾನ ಮಾಡುಸ್ತೀರಾ?" ಅಂದಳು.

ಮೊದಲು ನಿನ್ನದು. ಮರುಳಸಿದ್ದಜ್ಜನ ಮರಿಮಗನ ಮೊಮ್ಮಗಳು ಹುಲ್ಲಿರುವ ಕಡೆಗೆ ಹೋಗಿ ನೆಲೆಸಿದಳು ಎಂದು ನಾನು ಕೋಪಿಸಿಕೊಳ್ಳಬೇಕೇ? ಅಜ್ಜ ಯಾವ ಪಾಸ್‌ಪೋರ್ಟ್ ತಂದಿದ್ದರು? ಪಾಪ, ನಿನ್ನದರ ಮೂಲೆ ಕತ್ತರಿಸಿದರೇ? ಹೋರಿಗೂ ಕಿವಿ ಕತ್ತರಿಸಿ ಗುರುತು ಮಾಡುತ್ತಿದ್ದರು. ಕಳೆದುಹೋದರೆ ಯಾವ ಹಟ್ಟಿಯದು ಎಂದು ಗೊತ್ತಾಗಲಿ ಅಂತ.

ಈಗ ನನ್ನದು. ನಾನು ಮಾತು ಬಿಟ್ಟಿಲ್ಲ, ಮಾತು ನನ್ನನ್ನು ಬಿಟ್ಟಿದೆ. ಗಂಟಲಿನಲ್ಲಿ ಗಂಟಿತ್ತು. ದೀಪಾವಳಿ ಕಳೆದು ಮೂರನೇ ವಾರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದಲೇ. ರೋಗ ಪೂರ್ತಿ ಹೋಗಿದೆ ಎಂದು ಎರಡು ಸಲ ನೋಡಿ ಹೇಳಿದ್ದಾರೆ, ನೀನು ಈಗಲೇ ವಿಮಾನ ಹತ್ತಬೇಡ, ಬೇಸಿಗೆ ರಜೆಗೆ ಬಾ. ಹೇಳಿದರೆ ಅಲ್ಲಿಂದ ಓಡಿಬರುತ್ತೀಯೆ, ಉಪ್ಪುನೀರು ಮುಕ್ಕಳಿಸಲು ಹೇಳಿದ್ದಕ್ಕೆ ನಿನ್ನನ್ನೇ ಬೈದುಕೊಳ್ಳುತ್ತೀಯೆ ಎಂದು ಲಕ್ಷ್ಮಿಯಿಂದ ಆಣೆ ಹಾಕಿಸಿದ್ದೆ. ಈಗ ಸ್ಲೇಟು ಬಳಪ. ಮೂವತ್ತೈದು ವರ್ಷ ಮಕ್ಕಳಿಗೆ 'ಮಾತಾಡದೆ ಬರೀರಿ' ಅಂದದ್ದಕ್ಕೆ ತಕ್ಕ ಶಾಸ್ತಿ. ಕುತ್ತಿಗೆಗೆ ಇಡುವ ಯಂತ್ರವಿದೆ, ಮಾತು ಬರುತ್ತದಂತೆ. ಬರಬಹುದು. ಕೂಗು ಬರುವುದಿಲ್ಲ, ನಾನು ಕೇಳಿದೆ. ದನಿ ಹೋಯಿತು, ದನ ಉಳಿಯಿತು.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಅಜ್ಜನ ಕೂಗು ಮೂರು ಮೈಲಿ ಹೋಗಲಿಲ್ಲ. ಎರಡನೇ ಗುಡ್ಡದಲ್ಲೇ ನಿಂತಿತು. ಹಾಲಮ್ಮನಿಗೆ ಆಮೇಲೆ ಏನೂ ಕೇಳಿಸಲಿಲ್ಲ. ಆದರೆ ಆಚೆಗೆ ಹಳ್ಳವಿತ್ತು. ನೀರಿಲ್ಲದ ಹುಲ್ಲು ಎಷ್ಟು ದಿನ? ಬಂಡೆಯ ಮೇಲೆ ಗಂಡನ ಕೈ ಎದ್ದಾಗಲೆಲ್ಲ ಇವಳು ಸೆರಗು ಬೀಸುತ್ತ ನಡೆದುಬಿಟ್ಟಳು. ಸೇರ್ವೆಗಾರ ಕೇಳಿದ, "ಅಲ್ಲೀಗಂಟ ಕೇಳಿಸ್ತೇನವ್ವ?" ಹಾಲಮ್ಮ, "ಕೇಳಿಸ್ತು" ಅಂದಳು. ಅಜ್ಜನಿಗೆ ಸಾಯುವ ತನಕ ಹೇಳಲಿಲ್ಲ. ಸೊಸೆಯರಿಗೆ ಹೇಳಿದಳು. ಈ ಕಥೆ ನಮ್ಮಲ್ಲಿ ಅಡುಗೆಮನೆಯಿಂದ ಅಡುಗೆಮನೆಗೆ ಬಂದದ್ದು. ನನಗೆ ಹೇಳಿದವಳು ನಿನ್ನಮ್ಮ.

ಮೊನ್ನೆ ಬಂಡೆ ಹತ್ತಿ ಕೈ ಎತ್ತಿ ಬಾಯಿ ತೆರೆದೆ. ಮುದಿ ಬೆಳ್ಳಿ ತಲೆ ಎತ್ತದೆ ಮೇಯುತ್ತಿತ್ತು. ಹಸು ಸುಳ್ಳು ಹೇಳುವುದಿಲ್ಲ ನೋಡು.

ಆ ಎಂಟು ಹಾಳೆ ಅದಕ್ಕೇ. ಬಚ್ಚಿಡಲಿಲ್ಲ ತಾಯಿ, ಉಳಿದದ್ದನ್ನು ಬಳಿದು ಕಳಿಸಿದೆ.

ನಿನ್ನ ಮಾವ


ಕಿಲ್ಕೆನ್ನಿ
25 ಮೇ 2025

ಪ್ರೀತಿಯ ಮಾವ,

ನಿಮ್ಮ ಕಾಗದ ಬಂದ ದಿನದ ವೀಡಿಯೊ ಕರೆಯಲ್ಲಿ ನನಗೆ ಏನನ್ನೂ ಹೇಳಲಾಗಲಿಲ್ಲ. ನಾನು ಅತ್ತೆ, ಪಕ್ಕದಲ್ಲಿ ಅತ್ತೆಯೂ ಅತ್ತರು, ನೀವು ಸ್ಲೇಟು ಎತ್ತಿ ಹಿಡಿದಿರಿ: 'ಹೊಸದೇನಾದರೂ ಹೇಳು.' ಅದಕ್ಕೇ ಬರೆಯುತ್ತಿದ್ದೇನೆ.

ದಿನಕ್ಕೆ ಐದು ಗಂಟಲೊಳಗೆ ನಳಿಕೆ ಇಳಿಸುವವಳು ನಾನು. ಅರಿವಳಿಕೆಯ ಡಾಕ್ಟರಿಗೆ ಅರಿವೇ ಆಗಲಿಲ್ಲ. ಕರಕರ ಎಂಬ ದನಿಗೆ ಉಪ್ಪುನೀರು ಹೇಳಿದೆ, ಮಫ್ಲರಿಗೆ ಕೋಪವೆಂದು ಹೆಸರಿಟ್ಟೆ. ಇದನ್ನು ಇನ್ನು ಬರೆಯುವುದಿಲ್ಲ, ನೀವು ಕೆಂಪು ಸುತ್ತು ಹಾಕುತ್ತೀರಿ. ಜುಲೈ ಮೂರಕ್ಕೆ ನಾವು ಮೂವರೂ ಬರುತ್ತೇವೆ.

ಈಗ ಹೊಸದು. ನಿಮ್ಮ ಕಾಗದವನ್ನು ತನ್ವಿಗೆ ಓದಿ ಹೇಳಿದೆ. "ಸೋ ಐ ಹ್ಯಾವ್ ಟು ಗೆಟ್ ಇಟ್ ರೈಟ್" ಅಂದಳು. ಆಮೇಲೆ ಇಬ್ಬರೂ ಹಿತ್ತಲಿಗೆ ಹೋದೆವು. ನಿಮ್ಮ ಹಾಳೆ ಅವಳ ಕೈಲಿ, ನನ್ನ ಏಳನೇ ವರ್ಷ ನನ್ನ ಕಿವಿಯಲ್ಲಿ. ಅವಳು ಕೂಗುವಳು, ನಾನು "ಅಲ್ಲ, ಇನ್ನೂ ಕೆಳಗಿಂದ" ಅನ್ನುವೆ. "ಹೆಂಗ್ ಗೊತ್ತು ನಿಂಗೆ?" ಅನ್ನುವಳು. ಕನ್ನಡದಲ್ಲಿ, ಮಾವ! ಐರಿಶ್ ರಾಗದ ಕನ್ನಡ, ಆದರೂ ಕನ್ನಡ. ಎರಡು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಮಂಜಿತ್ತು. ಅವಳು ಕಾಲು ಅಗಲಿಸಿ ನಿಂತು ಕೈ ಎತ್ತಿದಳು. ಎರಡು ತೂಗು, ಮೇಲಕ್ಕೆ ಹೋಯಿತು, ಒಡೆಯಿತು.

ಮಂಜಿನೊಳಗಿಂದ ಡೆಕ್ಲನ್ನನ ಹಸುಗಳು ಒಂದೊಂದಾಗಿ ಬಂದು ಬೇಲಿಗೆ ಮೂತಿ ಇಟ್ಟವು. ಹದಿನೇಳು. ಡೆಕ್ಲನ್ ಟ್ರ್ಯಾಕ್ಟರಿನಿಂದ ಇಳಿದು ಬಂದ. ನಾನು ಕಥೆಯೆಲ್ಲ ಹೇಳಿದೆ. ಅವನು ಟೋಪಿ ಹಿಂದಕ್ಕೆ ತಳ್ಳಿ, ಪೋಸ್ಟ್‌ಮ್ಯಾನ್ ಸೀನಿದರೂ ಇವು ಬರುತ್ತವೆ, ಎಳೇ ಕಡಸುಗಳ ಬುದ್ಧಿಯೇ ಅಷ್ಟು ಅಂದ. ಅವುಗಳತ್ತ ನೋಡಿ, ಆದರೆ ಬಂದ ಮೇಲೆ ಹೀಗೆ ಅಲ್ಲಾಡದೆ ನಿಂತದ್ದು ಮಾತ್ರ ಇದೇ ಮೊದಲು ಅಂದ. ನನ್ನನ್ನು ಸಮಾಧಾನ ಮಾಡಲು ಹೇಳಿದನೋ ಏನೋ. ಇರಲಿ, ನಾನು ನಂಬಿದೆ.

ಶಾಲೆಯಲ್ಲೂ ಕೂಗಿದಳು. ಹೆಡ್‌ಮಿಸ್ಟ್ರೆಸ್ ಬೆಚ್ಚಿ ಚಹಾ ಚೆಲ್ಲಿಕೊಂಡರು. ಓರ್ಲಾ ಬಂದು, "ನಂಗೂ ಹೇಳ್ಕೊಡ್ತೀಯಾ?" ಅಂದಳಂತೆ. ಇವಳು ಯೋಚಿಸಿ, "ನಿಂದು ಒಡೀಬಾರ್ದು, ಒಡಕು ನಮ್ದು" ಅಂದಳಂತೆ.

ಆ ಬೆಳಗಿನ ಕೂಗು ಅತ್ತೆಯ ಫೋನಿಗೆ ಇವತ್ತೇ ಬರುತ್ತದೆ. ಉಪ್ಪಿನಕಾಯಿ ಭರಣಿಯಲ್ಲೇ. ಸರಿಯಿದೆಯೋ ಇಲ್ಲವೋ ನನಗೆ ತಿಳಿಯದು. ಬೆಳ್ಳಿಯನ್ನು ಕೇಳಿ ಬರೆಯಿರಿ.

ನಿಮ್ಮ
ವಾಸಂತಿ


ಕಡೂರು
12 ಜೂನ್ 2025

ತಾಯಿ ವಾಸಂತಿ,

ನಿನ್ನೆ ಬೆಳಿಗ್ಗೆ ಕಾವಲಿನಲ್ಲಿ ಜಿನುಗು ಮಳೆ ನಿಂತು ಮಂಜು ಎದ್ದಿತ್ತು. ನಾನು ಒಬ್ಬನೇ ಹೋಗಬೇಕೆಂದಿದ್ದೆ. ಲಕ್ಷ್ಮಿ ಬಿಡಲಿಲ್ಲ. "ನೀವು ಬಂಡೆ ಹತ್ರ ಇರ್ರಿ, ನಾನು ಹಾಲಮ್ಮನ ಕಲ್ಲಿಗೆ ಹೋಗ್ತೀನಿ" ಅಂದಳು. ಮಂಡಿನೋವಿನವಳು, ಎರಡು ಗಂಟೆಯ ಮೇಲಾಯಿತು ನಡೆಯಲು. ಅಷ್ಟರಲ್ಲಿ ಮಂಜು ಹರಿದು ಕಲ್ಲಿನ ಹತ್ತಿರ ಒಂದು ಹಸಿರು ಚುಕ್ಕೆ ಕಾಣಿಸಿತು, ಅವಳ ಸೀರೆ.

ಫೋನನ್ನು ಎದೆಯ ಮುಂದೆ ಹಿಡಿದು ಒತ್ತಿದೆ. ಬಲಗೈ ತಾನಾಗಿ ಮೇಲೆದ್ದಿತು.

ಎರಡನೇ ತೂಗು ಒಂದು ಕೂದಲು ಗಿಡ್ಡವಾಗಿದೆ ಎಂದು ತನ್ವಿಗೆ ಹೇಳು. ಉಳಿದದ್ದು ನಮ್ಮಪ್ಪನ ಕೂಗೇ. ಬೆಳ್ಳಿ ಮೇಯುವುದು ನಿಲ್ಲಿಸಿ ಕಿವಿ ನಿಮಿರಿಸಿತು. ತಲೆ ಎತ್ತಿ ನನ್ನ ಬಾಯಿ ನೋಡಿತು. ಬಾಯಿ ಮುಚ್ಚಿತ್ತು. ತುಂಬ ಹೊತ್ತು ನೋಡಿತು. ಆಮೇಲೆ ಬಂದು, ಫೋನಿದ್ದ ಕೈಯನ್ನು ಬಿಟ್ಟು, ನನ್ನ ಕತ್ತಿನ ಮಫ್ಲರನ್ನು ಮೂಸಿತು.

ಆ ಫೋನಿನ ದನಿ ಹತ್ತು ಮಾರು ದಾಟುವುದಿಲ್ಲ. ನನಗೆ ಗೊತ್ತು. ಆದರೂ ಮೂಡಲಿಗೆ ನೋಡಿದೆ. ಅಷ್ಟು ದೂರದಲ್ಲಿ ಲಕ್ಷ್ಮಿಯ ಸೆರಗು ಎದ್ದು ಗಾಳಿಯಲ್ಲಿ ಬೀಸಿತು. ಒಮ್ಮೆ, ಮತ್ತೊಮ್ಮೆ.

ಅವಳು ತಿರುಗಿ ಬಂದು ಬಂಡೆಯ ಬುಡದಲ್ಲಿ ಕೂತಾಗ ಸ್ಲೇಟಿನಲ್ಲಿ ಬರೆದು ಅವಳ ಮುಂದೆ ಹಿಡಿದೆ: 'ಅಲ್ಲೀಗಂಟ ಕೇಳಿಸ್ತಾ?'

ಸೀರೆಯ ಅಂಚಿಗೆ ಹತ್ತಿದ ಹುಲ್ಲಿನ ಮುಳ್ಳನ್ನು ಒಂದೊಂದಾಗಿ ಬಿಡಿಸುತ್ತ, ನನ್ನ ಮುಖ ನೋಡದೆ, "ಕೇಳಿಸ್ತು" ಅಂದಳು.

ನಿನ್ನ ಮಾವ
ಚನ್ನಬಸಪ್ಪ